ಇಲಿಮನೆಗೆ ಚರಗ

ಕಾಲೇಜಿನ ಇಲಿಮನೆಯ ಬಾಗಿಲು ಆಗಲೇ ತೆರೆದಿತ್ತು. ಒಳಗೆ ನಮ್ಮವ್ವ ಅಂಬಮ್ಮ ಹಬ್ಬದ ಸೀರೆಯುಟ್ಟು, ಒಂದೊಂದೇ ಪಂಜರದೊಳಗೆ ಸಜ್ಜಿ ಕಡಬು ಮುರಿದು ಹಾಕುತ್ತಿದ್ದಳು.

"ಯವ್ವಾ! ಏನ್ ಮಾಡಾಕತ್ತೀ?"

"ಚರಗ ಚೆಲ್ಲಾಕತ್ತೀನಿ. ಎಳ್ಳಮಾಸಿ ಅಲ್ಲೇನು ಇವತ್ತ? ನೀ ಕಮಲಾಪುರಕ್ಕ ಬರ್ಲಿಲ್ಲ. ನಾನೇ ಬಸ್ ಹತ್ತಿ ಬಂದೆ."

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಚೆಲ್ಲುವ ಎಡೆ ನನ್ನ ಇಲಿಗಳ ಬಾಯಿಗೆ ಬಿದ್ದಿತ್ತು. ಒಂದು ಪಂಜರವನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಗಿತ್ತಿ. ನಿನ್ನೆಯಿಂದ ಹಸಿದಿದ್ದ ಇಲಿಗಳು ಹೊಟ್ಟೆ ತುಂಬಿಸಿಕೊಂಡು ಒಂದರ ಮೇಲೊಂದು ಮಲಗಿದ್ದವು.

"ಶಫಿ! ಒಳಗ ಯಾಕ ಬಿಟ್ಟಿ?" ಎಂದು ಕಾವಲಿನವನ ಮೇಲೆ ಹರಿಹಾಯ್ದೆ.

"ತಾಯಿ ಹಬ್ಬದ ದಿನ ಬಂದಾರ, ಹೆಂಗ ಹೊರಗ ನಿಂದ್ರಸ್ಲಿ ಮೇಡಂ?" ಅವನ ಕೈಯಲ್ಲೂ ಒಂದು ಕಡಬಿತ್ತು.

ಕಲಬುರಗಿಯ ಈ ಕಾಲೇಜಿನಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಮಿದುಳಿನ ನರಕೋಶಗಳ ಮೇಲೆ ರಾಸಾಯನಿಕ ಸಂದೇಶಗಳನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ನನ್ನ ಇಲಿಗಳಲ್ಲಿ ಅರ್ಧಕ್ಕೆ ಅವು ಹುಟ್ಟಿನಿಂದಲೇ ಕಡಿಮೆ. ಅಂಥವನ್ನು ಹೊಸ ಪೆಟ್ಟಿಗೆಯಲ್ಲಿ ಬಿಟ್ಟರೆ ಒಂದು ಕಡೆ ನಿಲ್ಲುವುದಿಲ್ಲ, ಮೂಲೆ ಮೂಲೆ ಮೂಸಿ ಬರುತ್ತವೆ. ಹಾಗಾದರೆ ಅವುಗಳ ಗಮನವೂ ಕಡಿಮೆಯೇ? ನನ್ನ ಪ್ರಬಂಧವೆಲ್ಲ ಈ ಒಂದು ಪ್ರಶ್ನೆ. ದೀಪ ಹೊತ್ತಿದ ಕಿಂಡಿಗೆ ಮೂತಿ ಇಟ್ಟ ಇಲಿಗೆ ಕಾಳು ಸಿಗುತ್ತದೆ. ಹಸಿದ ಇಲಿ ಮಾತ್ರ ಆ ದೀಪ ನೋಡುತ್ತದೆ. ಕೊನೆಯ ಪರೀಕ್ಷೆ ಇವತ್ತು. ನಾಳೆ ಹೈದರಾಬಾದಿನ ಲ್ಯಾಬಿನವರು ಬಂದು ಮಿದುಳು ತೆಗೆದು ಗ್ರಾಹಕಗಳನ್ನು ಅಳೆಯಬೇಕು. ನಾಳೆ ತಪ್ಪಿದರೆ ಅವರು ಸಿಗುವುದು ಇನ್ನೆರಡು ತಿಂಗಳಿಗೆ, ಅಷ್ಟರಲ್ಲಿ ಇಲಿಗಳ ವಯಸ್ಸು ಮೀರಿ ಅಳತೆ ಕೆಡುತ್ತದೆ. ಹೊಸ ಇಲಿ ಬೆಳೆಸಲು ನನ್ನ ಪಿಎಚ್‌ಡಿಯ ಅವಧಿ ಉಳಿದಿಲ್ಲ.

ಆದರೂ ಎಲ್ಲಕ್ಕಿಂತ ಚುರುಕಾದ ಇಲಿಯನ್ನು ಪೆಟ್ಟಿಗೆಗೆ ಬಿಟ್ಟೆ. ದೀಪ ಹೊತ್ತಿತು. ಅದು ಮೀಸೆ ಒರೆಸಿಕೊಂಡು ಕೂತಿತು.

"ನೋಡ ನನ್ನವ್ವಾ, ಒಂದ್ ಸಲ ನೋಡ!" ಎಂದು ಇಲಿಗೆ ಕೈಮುಗಿದೆ. ಅದು ಕಣ್ಣು ಮುಚ್ಚಿತು. ಇನ್ನೊಂದನ್ನು ಬಿಟ್ಟೆ, ಮತ್ತೊಂದನ್ನು ಬಿಟ್ಟೆ. ಗ್ರಾಹಕ ಕಡಿಮೆ ಇದ್ದವೂ ಮಲಗಿದವು, ಸರಿಯಿದ್ದವೂ ಮಲಗಿದವು.

"ನನ್ನ ಮನಿ ಮುರದಿ ಯವ್ವಾ! ಇಷ್ಟು ವರ್ಷದ ಕೆಲಸ ಮಣ್ಣಪಾಲು ಮಾಡ್ದಿ!"

ಅವ್ವ ಕೈಯಲ್ಲಿದ್ದ ಕಡಬನ್ನು ಬುತ್ತಿಯಲ್ಲಿಟ್ಟು ಗಂಟು ಕಟ್ಟಿದಳು. "ಫೋನಿನ್ಯಾಗ ನೀನೇ ಅಂದಿಯಲ್ಲ, ನನ್ನ ಹೊಲ ಇಲ್ಲೇ ಅದ, ನಾ ಬರಂಗಿಲ್ಲ ಅಂತ. ಮಗಳ ಹೊಲಕ್ಕ ಚರಗ ಬ್ಯಾಡೇನು ಅಂತ ಬಂದೆ."

ಹೌದು, ಅಂದಿದ್ದೆ. ಹಬ್ಬಕ್ಕೆ ಬಾ ಎಂದು ಪೀಡಿಸಿದಳೆಂದು ಸಿಟ್ಟಿನಲ್ಲಿ ಅಂದಿದ್ದೆ.

ಫೋನು ಬಂತು. ಮಾರ್ಗದರ್ಶಕ ಅಮರನಾಥ ಸರ್. "ಅಂಜನಾ, ಮುಗೀತೇನು?"

ಪರೀಕ್ಷೆ ಮುಗಿಯಿತು, ಎರಡೂ ಗುಂಪುಗಳ ಗಮನದಲ್ಲಿ ವ್ಯತ್ಯಾಸವಿಲ್ಲ ಎಂದು ಹೇಳಿಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾತು ನಾಲಿಗೆಯವರೆಗೂ ಬಂದಿತ್ತು.

"ಇಲ್ರೀ ಸರ್. ಇಲಿ ಉಂಡಾವ. ನಮ್ಮವ್ವ ಉಣಿಸ್ಯಾಳ."

"ಹಂಗಾದ್ರ ಹೈದರಾಬಾದಿನವರಿಗೆ ಬರಬ್ಯಾಡ್ರಿ ಅಂತೀನಿ. ಇನ್ನ ನನ್ನ ಕೈಯಾಗ ಏನೂ ಇಲ್ಲವ್ವ," ಎಂದು ಫೋನಿಟ್ಟರು.

"ಯಾಕ ಬರ್ತಿದ್ರು ಅವರು?" ಅವ್ವ ಮೆಲ್ಲಗೆ ಕೇಳಿದಳು.

"ಇವನ್ನ ಕೊಂದು ಮಿದುಳು ತಗೀಲಿಕ್ಕೆ."

"ಈಗ ಸಾಯಂಗಿಲ್ಲೇನು ಇವು?"

"ನಾಳೆ ಸಾಯಂಗಿಲ್ಲ. ಸತ್ತಾಕಿ ನಾ."

ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಅವ್ವ ಪಕ್ಕದಲ್ಲಿ ಕೂತು ಬುತ್ತಿಯ ಗಂಟು ಬಿಚ್ಚಿದಳು, ನನ್ನ ಮುಖ ನೋಡಿ ಮತ್ತೆ ಕಟ್ಟಿದಳು. ಚರಗ ಚೆಲ್ಲುವ ತನಕ ಮನೆಯವರು ಬಾಯಿಗೆ ಏನೂ ಹಾಕುವಂತಿಲ್ಲ. ಇಲಿಗಳಂತೆ ಅವಳೂ ಬೆಳಗಿನಿಂದ ಉಪವಾಸವಿದ್ದಳು, ಚರಗ ಮುಗಿದರೂ ಇನ್ನೂ ಉಂಡಿರಲಿಲ್ಲ.