ವೀಸಾದ ಹಣೆಗೊಂದು ಬೊಟ್ಟು

"ಅಜ್ಜಿ, ಇದಕ್ಕೇನು ಹಚ್ಚಿದೀಯ?"

ಸಹನಾ ಜೋರಾಗೇನೂ ಕೇಳಲಿಲ್ಲ. ಆದರೂ ಅಂಗಳದಲ್ಲಿ ಕಿತ್ತು ತಂದ ಗಿಡಗಳಿಂದ ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಲಕ್ಕಮ್ಮನ ಕೈ ನಿಂತುಹೋಯಿತು. ಮೊಮ್ಮಗಳು ಪಾಸ್‌ಪೋರ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನೀಲಿ ರಟ್ಟಿನ ನಾಲ್ಕು ಮೂಲೆಯಲ್ಲೂ ಅರಿಶಿನ ಒಣಗಿತ್ತು.

"ಅರಿಸ್ನ ಕಣಮ್ಮ. ಇನ್ನೇನು ಹಚ್ತಾರೆ," ಎಂದಳು ಲಕ್ಕಮ್ಮ. "ಹೊಲದ ಪತ್ರ ತಂದಾಗ ಹಚ್ಲಿಲ್ವಾ? ನಿಮ್ಮಪ್ಪನ ಕೆಲ್ಸದ ಆರ್ಡರು ಬಂದಾಗ ಹಚ್ಲಿಲ್ವಾ? ಒಳ್ಳೆ ಕಾಗ್ದ ಮನೆಗೆ ಬಂದ್ರೆ ಅಂಗೇ ಬುಟ್ಟಾರಾ."

"ರಟ್ಟು ಹಂಗಿರ್ಲಿ ಬಿಡು. ಒಳಗಡೆ ನೋಡು."

ಒಳಗಡೆ, ವೀಸಾ ಅಂಟಿಸಿದ ಹಾಳೆಯಲ್ಲಿ ಸಹನಾಳ ಪುಟ್ಟ ಫೋಟೊ ಇತ್ತು. ಆ ಫೋಟೊದ ಹಣೆಯ ಮೇಲೆ, ಎರಡು ಹುಬ್ಬಿನ ನಟ್ಟನಡುವೆ, ಅಳತೆ ಹಿಡಿದು ಇಟ್ಟಂತೆ ಒಂದು ಕುಂಕುಮದ ಬೊಟ್ಟು.

ಇಟ್ಟವಳು ಲಕ್ಕಮ್ಮನೇ, ಅದರಲ್ಲಿ ಮುಚ್ಚುಮರೆ ಇಲ್ಲ. ಹಿಂದಿನ ಸಂಜೆ ಮಗ ರಂಗರಾಜು ಆ ಪುಸ್ತಕವನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದಿದ್ದ. ಬೆಳಗ್ಗೆ ಸ್ನಾನ ಮಾಡಿ ಬಂದವಳು ಮೂಲೆಗಳಿಗೆ ಅರಿಶಿನ ಹಚ್ಚಿದ ಮೇಲೆ ಸುಮ್ಮನಿರಬೇಕಿತ್ತು. ಇರಲಿಲ್ಲ. ತೆರೆದು ನೋಡಿದರೆ ಮೊಮ್ಮಗಳು ಬೋಳು ಹಣೆ ಹೊತ್ತು ಎದುರಿಗೇ ನೋಡುತ್ತಿದ್ದಾಳೆ. 'ಹಣೆಗಿಟ್ಕಳೇ' ಎಂದು ಹೇಳಿ ಹೇಳಿ ಲಕ್ಕಮ್ಮನ ಬಾಯಿ ಸೋತಿತ್ತು. ಗಂಡ ತೀರಿಕೊಂಡು ಅವಳ ಹಣೆ ಬರಿದಾಗಿ ಹದಿನೆಂಟು ವರ್ಷ. ಈ ಮನೆಗೆ ಅದೊಂದು ಸಾಕು ಎನ್ನುವುದು ಅವಳ ವಾದ. ಊರಿನಲ್ಲಾದರೆ ಹೋಗಲಿ, ಗುರುತಿಲ್ಲದ ದೇಶದವರ ಮುಂದೆ ಹಾಗೆ ಹೋಗಿ ನಿಲ್ಲುವುದುಂಟೆ? ಗಂಧದಕಡ್ಡಿಯ ತುದಿಯನ್ನು ದೀಪದ ಎಣ್ಣೆಗೆ ತಾಗಿಸಿ, ಕುಂಕುಮದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಇಟ್ಟಿದ್ದಳು. ಇಟ್ಟ ಮೇಲೆ ಚೆನ್ನಾಗಿಯೇ ಕಂಡಿತ್ತು.

ಸಹನಾ ಬೆಂಗಳೂರಿನಲ್ಲಿ ಕೃಷಿ ಎಂಎಸ್ಸಿ ಓದುತ್ತಿದ್ದಳು. ಅಲ್ಲಿಂದ ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಐದು ತಿಂಗಳ ಮಟ್ಟಿಗೆ ಇಬ್ಬರನ್ನು ಆರಿಸಿದ್ದರು; ಒಬ್ಬಳು ಇವಳು. ನೀರಿಲ್ಲದ ಮಣ್ಣಿನಲ್ಲಿ ಬೆಳೆ ಹೇಗೆ ಬದುಕುತ್ತದೆ ಎಂಬುದನ್ನು ಓದಿಕೊಂಡು ಯುಗಾದಿಯೊಳಗೆ ಬಂದುಬಿಡುತ್ತಾಳೆ. ಅದನ್ನು ತಿಳಿಯಲು ತಮ್ಮೂರು ಕೊಡಿಗೇನಹಳ್ಳಿ ಬಿಟ್ಟು ಜರ್ಮನಿಗೆ ಯಾಕೆ ಹೋಗಬೇಕೆಂದು ಲಕ್ಕಮ್ಮ ಒಂದು ತಿಂಗಳಿನಿಂದ ಕೇಳುತ್ತಿದ್ದಳು. ವಿಮಾನ ಇದ್ದದ್ದು ಮಾರನೆಯ ದಿನ, ಭಾನುವಾರ ಮಧ್ಯಾಹ್ನ.

ಸೊಸೆ ವೇದಾವತಿ ಹತ್ತಿಯನ್ನು ನೀರಿನಲ್ಲಿ ಅದ್ದಿ ತಂದು, ಮಗಳು ಬೇಡ ಬೇಡ ಎನ್ನುವಷ್ಟರಲ್ಲಿ ಒರೆಸಿಯೇಬಿಟ್ಟಳು. ಎಣ್ಣೆ ಕುಡಿದ ಕುಂಕುಮ ನೀರಿಗೆ ಜಗ್ಗುತ್ತದೆಯೆ? ಸಾಸಿವೆಕಾಳಿನಷ್ಟಿದ್ದದ್ದು ಮೆಣಸಿನಕಾಳಿನಷ್ಟಾಯಿತು. ಆಮೇಲೆ ಯಾರೂ ಅದನ್ನು ಮುಟ್ಟಲಿಲ್ಲ.

ರಂಗರಾಜು ಮಧುಗಿರಿ ಡಿಪೋದಲ್ಲಿ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದವನು ಖಾಕಿ ಅಂಗಿಯಲ್ಲೇ ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಹಿಂದಿನ ದಿನ ಜೋಪಾನಕ್ಕೆಂದು ತೆಗೆಸಿಟ್ಟಿದ್ದ ಜೆರಾಕ್ಸನ್ನು ಪಕ್ಕಕ್ಕಿಟ್ಟು ನೋಡಿದ. ಜೆರಾಕ್ಸಿನ ಸಹನಾ ಬೋಳು ಹಣೆ, ವೀಸಾದ ಸಹನಾ ಮುತ್ತೈದೆ.

"ಪಾಸಿನ ಫೋಟೊ ಒಂಚೂರು ಕೆಟ್ಟಿದ್ರೆ ನಾನೇ ಎಷ್ಟು ಜನಾನ ಇಳ್ಸಿದೀನಿ," ಎಂದ. "ಇದು ಬಸ್ಸಲ್ಲ, ವಿಮಾನ. ಏನಮ್ಮ ನೀನು, ಒಂದ್ ಮಾತು ಕೇಳ್ಬಾರ್ದಾ?"

ಲಕ್ಕಮ್ಮ ಇನ್ನೊಂದು ಕಡಲೆಗಿಡ ಕೈಗೆತ್ತಿಕೊಂಡಳು. ವೀಸಾ ಕೊಟ್ಟ ಆಫೀಸಿಗೆ ಶನಿವಾರ, ಭಾನುವಾರ ರಜೆ. ಸಹನಾ ತನ್ನ ಪ್ರೊಫೆಸರಿಗೆ ಫೋನ್ ಮಾಡಿ, ತಲೆಯಾಡಿಸುತ್ತ ಕೇಳಿಸಿಕೊಂಡು ಇಟ್ಟಳು. "ಇನ್ನು ಅಳಿಸೋಕೆ ಹೋಗಬೇಡ, ಇದ್ದದ್ದು ಇದ್ದ ಹಾಗೆ ಹೇಳು ಅಂದ್ರು. ಬಿಟ್ರೆ ಬಿಡ್ತಾರೆ. ಇಲ್ಲಾಂದ್ರೆ ವಾಪಸ್ಸು. ಹೊಸ ವೀಸಾ ಬರೋ ಹೊತ್ತಿಗೆ ಅಲ್ಲಿ ಪಾಠ ಅರ್ಧ ಮುಗ್ದಿರುತ್ತೆ, ಸೀಟು ಇರಲ್ಲ."

ಹೇಳಿ, ಬಂದು ಅಜ್ಜಿಯ ಪಕ್ಕ ಕೂತು ತಾನೂ ಕಡಲೆಕಾಯಿ ಬಿಡಿಸತೊಡಗಿದಳು. ಬೈದಿದ್ದರೆ ಲಕ್ಕಮ್ಮನಿಗೆ ಎಷ್ಟೋ ವಾಸಿಯಿತ್ತು. ಅವಳನ್ನು ಕೊರೆಯುತ್ತಿದ್ದದ್ದೇ ಬೇರೆ. ಹೋದ ಸೋಮವಾರ ಇದೇ ದೇವರ ಗೂಡಿನ ಮುಂದೆ ನಿಂತು ಅವಳು ಬಾಯಿಬಿಟ್ಟು ಕೇಳಿಕೊಂಡಿದ್ದಳು: ಹೆಂಗಾದ್ರೂ ಮಾಡಿ ಇದನ್ನ ನಿಲ್ಸಪ್ಪ ರಂಗಪ್ಪ, ಮಗು ಕಣ್ಮುಂದೆ ಇರ್ಲಿ. ಈಗ ನಿಲ್ಲುವ ಹಾಗಾಗಿದೆ, ಅದೂ ಇವಳ ಕೈಯಿಂದಲೇ. ಬೇಕೆಂದೇ ಮಾಡಿದೆನಾ ಎಂದು ತನ್ನನ್ನೇ ಕೇಳಿಕೊಂಡಳು. ಇಲ್ಲ, ಕುಂಕುಮ ಇಡುವಾಗ ಅದು ನೆನಪೇ ಇರಲಿಲ್ಲ. ಆದರೆ ಪಕ್ಕದಲ್ಲಿ ಕೂತ ಹುಡುಗಿಯ ಮುಖ ಬಾಡಿದ್ದು ನೋಡಿದರೆ, ಆ ಬೇಡಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಏನು ಬೇಕಾದರೂ ಕೊಡುತ್ತಿದ್ದಳು. ಅವಳು ಹೋಗಬೇಕು, ಹೋಗಲೇಬೇಕು ಎಂದು ಲಕ್ಕಮ್ಮನಿಗೆ ಮೊದಲ ಸಲ ಅನ್ನಿಸಿದ್ದು ಆಗ.

"ನಾಳೆ ನಾನೂ ಬತ್ತೀನಿ," ಎಂದಳು. "ಯಾವನು ಕೇಳ್ತಾನೋ ಅವನಿಗೆ ನಾನೇ ಹೇಳ್ತೀನಿ, ತಪ್ಪು ನಂದು ಅಂತ."

ಮಧುಗಿರಿಯ ಆಸ್ಪತ್ರೆ, ಹಿಂದೂಪುರದ ಸಂತೆ. ಅದರಾಚೆಗೆ ಕಾಲಿಡದ ಹೆಂಗಸು ಬೆಳಗ್ಗೆ ಐದಕ್ಕೆ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಊರಿನ ಲಕ್ಷ್ಮೀಪತಿಯ ಬಾಡಿಗೆ ಕಾರಿನಲ್ಲಿ ಎಲ್ಲರಿಗಿಂತ ಮೊದಲು ಹತ್ತಿ ಕೂತಿದ್ದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಸ್ವಾಮಿ, ಮಗೂದೇನೂ ತಪ್ಪಿಲ್ಲ. ನಾನು ಓದ್ದೋಳಲ್ಲ. ಬೇಕಾದ್ರೆ ನನ್ನ ಹೆಬ್ಬೆಟ್ಟು ತಗಳಿ.

ಆದರೆ ವಿಮಾನ ನಿಲ್ದಾಣದ ಬಾಗಿಲಲ್ಲಿ ಬಂದೂಕು ಹಿಡಿದ ಹುಡುಗ ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂದ. ಹೇಳಿದ್ದು ಹಿಂದಿಯಲ್ಲಿ, ಲಕ್ಕಮ್ಮನಿಗೆ ಕೈಸನ್ನೆಯಲ್ಲೇ ತಿಳಿಯಿತು. ಅಷ್ಟು ದೂರ ಜೋಡಿಸಿಕೊಂಡು ಬಂದ ಮಾತು ಬಾಯಲ್ಲೇ ಉಳಿಯಿತು.

ಕಂಬದ ಪಕ್ಕ ನಾಲ್ವರೂ ನಿಂತರು. ರಂಗರಾಜು ವೀಸಾದ ಹಾಳೆಯನ್ನು ಇನ್ನೊಮ್ಮೆ ತೆರೆದ, ಮಗಳ ಮುಖ ನೋಡಿದ, ಮುಚ್ಚಿದ. ಇಪ್ಪತ್ತು ವರ್ಷ ಪಾಸು ನೋಡಿದ ಕಣ್ಣು ಅದು. "ಕಲೆಗಿಂತ ಹೆಚ್ಚಾಗಿ ಮೊಕ ಹೊಂದಲ್ಲ ಕಣಮ್ಮ," ಎಂದ. "ಅದ್ರಲ್ಲಿ ಬೊಟ್ಟೈತೆ, ನಿನಗಿಲ್ಲ. ಮೊದ್ಲು ಕಣ್ಣಿಗೆ ಬೀಳೋದೇ ಅದು."

ಲಕ್ಕಮ್ಮ ಎಲೆಅಡಿಕೆ ಚೀಲದ ದಾರ ಬಿಚ್ಚಿದಳು. ಸುಣ್ಣದ ಡಬ್ಬಿಯ ಕೆಳಗೆ ದೇವಸ್ಥಾನದ ಕುಂಕುಮದ ಪೊಟ್ಟಣವಿತ್ತು. ಅದನ್ನು ಸೊಸೆಯ ಮುಂದೆ ಹಿಡಿದು, "ಇಡು," ಎಂದಳು. "ಹೊಂಡೋ ಹೊತ್ತು. ನಾನು ಇಡ್ಬಾರ್ದು."

"ಫೋಟೊಕ್ಕೆ ಇಟ್ಟೋಳು ನೀನು ತಾನೆ," ಎಂದಳು ಸಹನಾ. "ನೀನೇ ಇಡು. ಅದೇ ಜಾಗಕ್ಕೆ, ಅದೇ ಅಳತೆಗೆ ಇಡೋಕೆ ಅಮ್ಮಂಗೆ ಬರಲ್ಲ."

"ನಂಗೆ ಬ್ಯಾಡ ಕಣೆ. ನಿಂಗೊಂದು ಹೇಳ್ಬೇಕು." ಲಕ್ಕಮ್ಮನ ದನಿ ಇಳಿಯಿತು. "ನೀನು ಹೋಗೋದು ನಿಲ್ಲಲಿ ಅಂತ ನಾನು ದೇವ್ರನ್ನ ಕೇಳ್ಕಂಡಿದ್ದೆ."

"ಗೊತ್ತು ಬಿಡು. ನೀನು ದೇವ್ರ ಹತ್ರ ಮಾತಾಡಿದ್ರೆ ಪಕ್ಕದ ಮನೆಗೂ ಕೇಳುತ್ತೆ."

ವೇದಾವತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಸಹನಾ ಚೀಲ ಕೆಳಗಿಟ್ಟು ಅಜ್ಜಿಯ ಎತ್ತರಕ್ಕೆ ಬಗ್ಗಿದಳು, ಕಣ್ಣು ಮುಚ್ಚಿದಳು. ಲಕ್ಕಮ್ಮ ಉಂಗುರದ ಬೆರಳನ್ನು ಕುಂಕುಮದಲ್ಲಿ ಒತ್ತಿ ಆ ಹಣೆಯ ನಡುವೆ ಇಟ್ಟಳು. ಇಟ್ಟು ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ. ಹುಡುಗಿಯ ಹಣೆ ಬೆಚ್ಚಗಿತ್ತು, ಹಿಂದೆ ಜ್ವರ ಬಂದಾಗ ಮುಟ್ಟಿ ನೋಡುತ್ತಿದ್ದ ಅದೇ ಹಣೆ. ರಂಗರಾಜು ಹಾಳೆ ತೆರೆದು ಎರಡನ್ನೂ ನೋಡಿ, "ಈಗ ಸರಿ," ಎಂದ.

ಅವಳು ಒಳಗೆ ಹೋದ ಮೇಲೆ ಎರಡು ಗಂಟೆ ಕಳೆಯಿತು. ಬಾಗಿಲಿನಿಂದ ಒಬ್ಬ ಹೆಣ್ಣುಮಗಳು ಹೊರಗೆ ಬಂದರೂ ಲಕ್ಕಮ್ಮ ಎದ್ದು ನಿಲ್ಲುತ್ತಿದ್ದಳು. ಕೊನೆಗೆ ರಂಗರಾಜುವಿನ ಫೋನ್ ಹೊಡೆದುಕೊಂಡಿತು. ಅವನು ಅದನ್ನು ತಾಯಿಯ ಕಿವಿಗೇ ಹಿಡಿದ.

"ಬಿಟ್ರು ಅಜ್ಜಿ. ಮೊದಲು ಲಗೇಜ್ ಹತ್ರ ನಿಲ್ಲಿಸಿಕೊಂಡ್ರು, ಆಮೇಲೆ ಸೀಲ್ ಹೊಡೆಯೋ ಹತ್ರ. ಆ ಆಫೀಸರು ಫೋಟೊ ನೋಡ್ತಾರೆ, ನನ್ನ ನೋಡ್ತಾರೆ. ಇದೇನು ಅಂದ್ರು. ಅದೂ ನಮ್ಮಜ್ಜಿ ಇಟ್ಟಿದ್ದು, ಇದೂ ನಮ್ಮಜ್ಜಿ ಇಟ್ಟಿದ್ದು ಅಂದೆ. ದೊಡ್ಡದಾಗಿ ಕಾಣೋ ಗಾಜು ಹಿಡಿದು ಕಲೆ ಸುತ್ತ ಎಲ್ಲಾ ನೋಡಿ ಸೀಲ್ ಹೊಡೆದ್ರು."

"ಅಲ್ಲಿಗೆ ಮುಗೀತಾ?"

"ಇಳಿದ ಮೇಲೆ ಅಲ್ಲಿನೋರು ಇನ್ನೊಂದ್ಸಲ ನೋಡ್ತಾರೆ."

"ಹಂಗಾರೆ ಅಲ್ಲೀಗಂಟ ಮೊಕ ತೊಳೀಬ್ಯಾಡ," ಎಂದಳು ಲಕ್ಕಮ್ಮ.

ಮನೆಗೆ ಬಂದು ರಾತ್ರಿ ಊಟಕ್ಕೆ ಕೂತಾಗ ವೇದಾವತಿ ಗಮನಿಸಿದಳು. ಅತ್ತೆ ಉಂಗುರದ ಬೆರಳೊಂದನ್ನು ಎತ್ತಿಹಿಡಿದು, ಉಳಿದ ಬೆರಳುಗಳಲ್ಲೇ ಮುದ್ದೆ ಮುರಿಯುತ್ತಿದ್ದಾಳೆ. ಕುಂಕುಮ ಇನ್ನೂ ಅದರ ತುದಿಯಲ್ಲಿತ್ತು. ಗಾಯವಾಯಿತೇ ಅತ್ತೆ ಎಂದು ಕೇಳಿದರೆ, "ಉಣ್ಣು ನೀನು," ಎಂದು ಗದರಿದಳು. ಊಟವಾದ ಮೇಲೆ ತಟ್ಟೆಯಲ್ಲೇ ಆ ಬೆರಳು ಬಿಟ್ಟು ಕೈ ತೊಳೆದುಕೊಂಡಳು. ಮಲಗುವಾಗ ಅದಕ್ಕೆ ಸೆರಗಿನ ತುದಿ ಸುತ್ತಿಕೊಂಡಳು.

ಮಾರನೆಯ ಮಧ್ಯಾಹ್ನ ಫೋನಿಗೆ ಒಂದು ಫೋಟೊ ಬಂತು. ಬೂದುಬಣ್ಣದ ಆಕಾಶದ ಕೆಳಗೆ, ದಪ್ಪ ಕೋಟು ತೊಟ್ಟ ಸಹನಾ ರಸ್ತೆಯಲ್ಲಿ ನಿಂತು ನಗುತ್ತಿದ್ದಳು. ಹಣೆಯ ಕುಂಕುಮ ಒಂದು ಹುಬ್ಬಿನವರೆಗೂ ಹರಡಿತ್ತು. "ಹೊರಗೆ ಬಂದಳಂತಮ್ಮ," ಎಂದ ರಂಗರಾಜು. "ಈಗ ಮೊಕ ತೊಳಿಬೋದಾ ಅಂತ ಕೇಳ್ತಾವ್ಳೆ."

"ತೊಳಿಲಿ," ಎಂದಳು ಲಕ್ಕಮ್ಮ.

ಚೊಂಬಿನಲ್ಲಿ ನೀರು ತುಂಬಿಕೊಂಡು ಹಿತ್ತಲಿಗೆ ಹೊರಟವಳು ನಡುಮನೆಯಲ್ಲಿ ನಿಂತಳು. ಟೀವಿಯ ಕೆಳಗೆ, ರಂಗರಾಜು ಮಡಿಸಿಟ್ಟ ಜೆರಾಕ್ಸ್ ಇತ್ತು. ಚೊಂಬು ಕೆಳಗಿಟ್ಟು ಅದನ್ನು ಬಿಡಿಸಿ ನೆಲದ ಮೇಲೆ ಹರವಿದಳು. ಬೆರಳಿನಲ್ಲಿ ಉಳಿದಿದ್ದಷ್ಟನ್ನು ಆ ಕಪ್ಪು ಬಿಳುಪು ಹಣೆಯ ಮೇಲೆ ಒತ್ತಿ ಹಿಡಿದಳು. ಆಮೇಲೆ ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದು, ಉಳಿದ ಕಡಲೆಕಾಯಿ ಬಿಡಿಸಲು ಕೂತಳು.