ತಲೆಯ ಸುತ್ತಳತೆ

ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲು ಟೈಲರ್ ಟ್ರಯಲ್ ರೂಮಿನ ಪರದೆ ಎಳೆದುಕೊಂಡು ಕನ್ನಡಿಯ ಮುಂದೆ ನಿಂತ. ಅಳತೆಯ ಟೇಪನ್ನು ಹುಬ್ಬಿನ ಮೇಲಿಂದ ಹಾಯಿಸಿ, ಹಿಂದಲೆಯನ್ನು ಬಳಸಿ, ಮತ್ತೆ ಹಣೆಗೆ ತಂದು, ಎರಡು ತುದಿ ಕೂಡಿದ ಜಾಗದಲ್ಲಿ ಹೆಬ್ಬೆರಳು ಒತ್ತಿ ಹಿಡಿದ. ಬೀದಿಯ ಮುಕ್ಕಾಲುಪಾಲು ಜನರ ಎದೆ, ಸೊಂಟ, ತೋಳು ಅಳೆದ ಕೈ ಅದು, ಎಂದೂ ತಪ್ಪಿದ್ದಲ್ಲ. ನಿನ್ನೆಗಿಂತ ತಲೆ ಅರ್ಧ ಇಂಚು ದಪ್ಪವಾಗಿತ್ತು.

ಟೇಪು ಬಿಚ್ಚಿ ಮತ್ತೆ ಸುತ್ತಿದ. ಉಸಿರು ಹೊರಗೆ ಬಿಟ್ಟು ಸುತ್ತಿದ, ಕೂದಲನ್ನು ನೀರು ಹಚ್ಚಿ ಒತ್ತಿ ಸುತ್ತಿದ. ಅದೇ ಅರ್ಧ ಇಂಚು.

"ಅಪ್ಪಾ, ಒಳಗೇನ್ ಮಾಡ್ತಿದ್ದೀಯಾ?" ಹೊರಗಿನಿಂದ ಮಗಳ ದನಿ ಬಂತು. ಮನೆ ಇರುವುದು ಅಂಗಡಿಯ ಹಿಂದೆಯೇ. ಶಾಲೆಗೆ ಹೋಗುವಾಗ ಅವಳು ಅಂಗಡಿಯೊಳಗಿಂದಲೇ ಹೋಗಬೇಕು. ದಿನವಿಡೀ ಚಿಲಿಪಿಲಿ ಎನ್ನುವ ಹುಡುಗಿಯಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಗುಬ್ಬಿ.

"ಏನಿಲ್ಲಮ್ಮ, ಒಂದು ಶರ್ಟು ಹಾಕ್ಕೊಂಡು ನೋಡ್ತಿದ್ದೆ. ನೀನು ಹೊರಡು, ಹೊತ್ತಾಯ್ತು."

ಪರದೆಯ ಕೆಳಗೆ ಅವಳ ಬೂಟುಗಳು ಕಾಣುತ್ತಿದ್ದವು. ಅವು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಆಮೇಲೆ ಹೋದವು.

ಟೈಲರ್ ಹುಟ್ಟಾ ಅಂಜುಬುರುಕನೇನಲ್ಲ. ನಕ್ಕು ನಗಿಸುವ ಮನುಷ್ಯ. "ಹೊಟ್ಟೆಗೆ ಎರಡು ಇಂಚು ಬಡ್ಡಿ ಸೇರಿದೆ ಸ್ವಾಮಿ" ಎಂದು ಗಿರಾಕಿಗಳನ್ನು ಛೇಡಿಸಿ, ಅವರಿಂದಲೇ ಶಹಭಾಸ್ ಅನ್ನಿಸಿಕೊಳ್ಳುವವನು. ಇದು ಶುರುವಾದದ್ದು ಶಾಲೆಯ ಡ್ರಿಲ್ ಮೇಷ್ಟ್ರು ಹೊಲಿಯಲು ಕೊಟ್ಟ ಪ್ಯಾಂಟಿನಿಂದ. ಕಲ್ಲಿನಂಥ ಆಳು. ಅಳತೆ ಕೊಡುವಾಗ "ಯಾಕೋ ತಲೆ ಸಿಡೀತಿದೆ" ಅಂದಿದ್ದರು. ಪ್ಯಾಂಟು ತಯಾರಾದರೂ ಒಯ್ಯಲು ಬರಲಿಲ್ಲ. ಕಡೆಗೆ ಅವರ ತಮ್ಮ ಬಂದು, "ಅಣ್ಣ ಹೋಗಿಬಿಟ್ರು. ತಲೇಲಿ ಗಡ್ಡೆ ಇತ್ತಂತೆ. ಶುರುವಾಗಿದ್ದು ಬರೀ ತಲೆನೋವಿಂದ" ಅಂದ. ಆ ಸಂಜೆಯೇ ಟೈಲರನ ತಲೆ ನೋಯತೊಡಗಿತು.

ಅವನಿಗೆ ತಲೆನೋವು ಹೊಸದೇನಲ್ಲ. ಬೆಳಗಿನಿಂದ ಸಂಜೆಯವರೆಗೆ ಕತ್ತು ಬಗ್ಗಿಸಿ ಸೂಜಿಯ ಕಣ್ಣನ್ನೇ ನೋಡುವವರಿಗೆ ಅದು ಬಂದು ಹೋಗುವ ನೆಂಟ. ಆದರೆ ಈ ಬಾರಿ ನೆಂಟ ಹೋಗಲಿಲ್ಲ. ಅವನು ಮೊಬೈಲಿನಲ್ಲಿ ಹುಡುಕಿದ. ಒಂದು ಹುಡುಕಿದರೆ ಅದು ಹತ್ತು ತೋರಿಸಿತು. ಹತ್ತರಲ್ಲಿ ಕೆಟ್ಟದ್ದನ್ನೇ ಅವನು ಮತ್ತೆ ಮತ್ತೆ ಓದಿದ. ಕಣ್ಣು ಮಂಜಾಗುತ್ತದೆ ಎಂದು ಓದಿದರೆ ಕಣ್ಣು ಮಂಜಾಗುತ್ತಿತ್ತು. ಕೈ ಜೋಮು ಹಿಡಿಯುತ್ತದೆ ಎಂದು ಓದಿದರೆ ಕತ್ತರಿ ಹಿಡಿದ ಕೈ ಜೋಮು ಹಿಡಿಯುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ಅವನ ಕಥೆ. ಮೂಲೆಯ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನವೂ ನುಂಗತೊಡಗಿದ. ಮಾತ್ರೆ ಇಳಿದಂತೆ ನೋವು ಏರುತ್ತಿತ್ತು, ಮತ್ತೆ ಮಾತ್ರೆ. ಗಡ್ಡೆ ಬೆಳೆದರೆ ತಲೆಯೂ ಬೆಳೆಯಬೇಕಲ್ಲವೇ ಎಂದು ಅವನಿಗೆ ಅನ್ನಿಸಿದ್ದು ಆಗಲೇ. ಕೊರಳಲ್ಲಿ ಹೇಗೂ ಟೇಪು ನೇತಾಡುತ್ತಿತ್ತು, ದಿನವೂ ಬೆಳಿಗ್ಗೆ ತಲೆ ಅಳೆಯತೊಡಗಿದ.

ಆ ಅರ್ಧ ಇಂಚಿನ ದಿನ ಅವನು ಶಟರ್ ಎತ್ತಲೇ ಇಲ್ಲ. ಒಳಮನೆಗೆ ಬಂದು ಹೆಂಡತಿಯ ಎದುರು ಕುಸಿದು ಕೂತ. ಅವಳು ಅಂಗಡಿಯ ಬಟ್ಟೆಗಳಿಗೆಲ್ಲ ಕಾಜ, ಗುಂಡಿ, ಹೆಮ್ಮಿಂಗ್ ಹಾಕುವವಳು. ಬಾಯಲ್ಲಿ ದಾರ ಕಚ್ಚಿಕೊಂಡೇ ಅರ್ಧ ಸಂಸಾರ ಮಾಡಿದವಳು.

"ನಾನು ಉಳಿಯಲ್ಲ ಕಣೇ," ಅಂದ. "ತಲೆ ದಪ್ಪ ಆಗ್ತಿದೆ."

ಅವಳು ದಾರ ಉಗುಳಿದಳು. "ಮತ್ತೆ ಶುರುವಾಯ್ತಾ? ಹೋದ ತಿಂಗಳು ಕಣ್ಣು, ಅದಕ್ಕೆ ಮುಂಚೆ ಕೈ. ಈಗ ತಲೆ ದಪ್ಪ. ಎಲ್ಲಾ ನಾಟಕ ರೀ ನಿಮ್ದು!"

"ನಾಟಕ ಅಲ್ವೇ! ನೋಯ್ತಿರೋದು ನನ್ನ ತಲೆ, ನಿನ್ನದಲ್ಲ. ಇಲ್ಲಿ, ಇಲ್ಲಿ ಮುಟ್ಟಿ ನೋಡು." ಅವನ ಕಣ್ಣಲ್ಲಿ ನೀರು ಬಂತು. ಮದುವೆಯಾದ ಮೇಲೆ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಸೀರೆ ಬದಲಿಸಲು ಎದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಕಣ್ಣಿಗೆ ದೀಪ ಬಿಟ್ಟು ನೋಡಿದರು, ಮಂಡಿಗೆ ತಟ್ಟಿದರು, ಗೆರೆಯ ಮೇಲೆ ನಡೆಸಿದರು. ಅವನು ಹಟ ಹಿಡಿದದ್ದಕ್ಕೆ ಸ್ಕ್ಯಾನಿಂಗೂ ಆಯಿತು. ಆ ಕೊಳವೆಯೊಳಗೆ ಮಲಗಿದ್ದಷ್ಟು ಹೊತ್ತೂ ಅವನು ಗುಬ್ಬಿಗೆ ಇನ್ನು ಯೂನಿಫಾರ್ಮ್ ಹೊಲಿಯುವವರು ಯಾರು ಎಂದೇ ಯೋಚಿಸಿದ.

"ಗಡ್ಡೆ ಇಲ್ಲ. ಏನೂ ಇಲ್ಲ," ಎಂದು ಡಾಕ್ಟರಮ್ಮ ಚಿತ್ರ ತೋರಿಸಿದರು. "ಆದ್ರೆ ನೋವು ಸುಳ್ಳು ಅಂತ ನಾನು ಹೇಳ್ತಿಲ್ಲ. ಕತ್ತಿನ ಬಿಗಿತ ಇದೆ. ದಿನಾ ನೋವಿನ ಮಾತ್ರೆ ತಗೊಂಡ್ರೆ ಆ ಮಾತ್ರೆಯಿಂದಲೇ ತಲೆನೋವು ಬರುತ್ತೆ. ಅದನ್ನ ಹೇಗೆ ಬಿಡೋದು ಅಂತ ನಾನು ಹೇಳ್ಕೊಡ್ತೀನಿ. ಇನ್ನೊಂದು, ನಿಮ್ಮ ಭಯ. ನೋವಾದ್ರೆ ಹೆದರ್ತೀರಿ, ಹೆದರಿದ್ರೆ ಕತ್ತು ಇನ್ನೂ ಬಿಗಿಯಾಗುತ್ತೆ, ಆಗ ನೋವು ಇನ್ನೂ ಹೆಚ್ಚು. ಭಯಕ್ಕೂ ಚಿಕಿತ್ಸೆ ಇದೆ. ಮನೋವೈದ್ಯರೊಬ್ಬರ ಹತ್ರ ಕಳಿಸ್ತೀನಿ."

ಟೈಲರ್ ಕುರ್ಚಿಯಿಂದ ಎದ್ದೇಬಿಟ್ಟ. "ನಾನೇನು ಹುಚ್ಚನೇನ್ರಿ?"

"ಹುಚ್ಚು ಅಂತ ಯಾರಂದ್ರು? ಹೆದರಿದೀರಿ ಅಂದೆ."

"ಆ ಬಾಗಿಲಲ್ಲಿ ಒಂದು ಸಲ ಕಂಡ್ರೆ ಸಾಕು ಡಾಕ್ಟ್ರೇ, ಬೀದೀಲಿ ನನ್ನ ಮರ್ಯಾದೆ ಮೂರು ಕಾಸಿಗೆ ಬೀಳುತ್ತೆ. ತಲೆ ಕೆಟ್ಟವನ ಕೈಗೆ ಕತ್ತರಿ ಕೊಟ್ಟು ಯಾರ್ರೀ ಮುಂದೆ ನಿಲ್ತಾರೆ?"

ಹೆಂಡತಿ ಸ್ಕ್ಯಾನಿಂಗ್ ಚಿತ್ರ ಎತ್ತಿಕೊಂಡು ಅವನ ಹಿಂದೆಯೇ ಹೊರಟಳು. ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಬೀದಿಯ ಬಾಯಿ ಅವಳಿಗೂ ಗೊತ್ತು.

ಆ ವಾರವೇ ಗಿರಾಕಿ ವಕೀಲರೊಬ್ಬರು ಹೊಲಿಯಲು ಕೊಟ್ಟಿದ್ದ ಕೋಟು ಹಾಕಿಕೊಂಡು ನೋಡಲು ಬಂದರು. ಗುಂಡಿ ಕೂಡಲಿಲ್ಲ. ಹೊಟ್ಟೆ ಒಳಗೆ ಎಳೆದುಕೊಂಡರೂ ಕೂಡಲಿಲ್ಲ. "ಏನಯ್ಯಾ ಇದು, ನನ್ನ ಮಗನ ಅಳತೆಗೆ ಹೊಲಿದ್ಯಾ?" ಎಂದು ಕೆಂಪಾದರು. ಅವರ ಹಿಂದೆಯೇ ಇನ್ನೊಬ್ಬರ ಶರ್ಟು ತೋಳಲ್ಲಿ ಬಿಗಿ ಎಂದು ವಾಪಸು ಬಂತು. ಟೈಲರನ ಮುಖ ಬಿಳಿಚಿಕೊಂಡಿತು. ಅಳತೆ ತಪ್ಪುವುದೆಂದರೆ ಅವನಿಗೆ ಒಂದೇ ಅರ್ಥ: ಮೆದುಳು ಕೈಕೊಡುತ್ತಿದೆ. ಇದನ್ನೂ ಮೊಬೈಲಿನಲ್ಲಿ ಓದಿದ್ದ.

ಹೆಂಡತಿ ಮಾತ್ರ ಕೋಟನ್ನು ಮೇಜಿನ ಮೇಲೆ ಹರಡಿ ಯೋಚಿಸಿದಳು. ನಂತರ ಚಿಂದಿಯ ಬುಟ್ಟಿಗೆ ಕೈಹಾಕಿ, ಅಂಕಿ ಮಾಸಿತೆಂದು ಅವನು ಎಸೆದಿದ್ದ ಹಳೆಯ ಬಟ್ಟೆಟೇಪನ್ನು ತೆಗೆದು ಹೊಸದರ ಪಕ್ಕದಲ್ಲಿಟ್ಟಳು. ವರ್ಷಗಟ್ಟಲೆ ಎಳೆದೂ ಎಳೆದೂ ಹಳೆಯದು ಜಗ್ಗಿಹೋಗಿ, ಅಳತೆಯನ್ನು ಕಡಿಮೆ ತೋರಿಸುತ್ತಿತ್ತು. ಅದರಲ್ಲೇ ಮೈ ಅಳೆದು ಅದರಲ್ಲೇ ಬಟ್ಟೆ ಕತ್ತರಿಸುತ್ತಿದ್ದುದರಿಂದ ತಪ್ಪಿಗೆ ತಪ್ಪು ಸರಿಹೋಗುತ್ತಿತ್ತು. ವಕೀಲರ ಮೈ ಅಳೆದದ್ದು ಹಳೆಯದರಲ್ಲಿ, ಬಟ್ಟೆ ಕತ್ತರಿಸಿದ್ದು ಹೊಸದರಲ್ಲಿ.

"ಈ ಹೊಸ ಟೇಪು ಕೊರಳಿಗೆ ಬಂದ ಮಾರನೇ ದಿನವೇ ಅಲ್ವಾ ನಿಮ್ಮ ತಲೆ ದಪ್ಪ ಆಗಿದ್ದು?" ಅಂದಳು. "ಟೈಲರಾಗಿ ಟೇಪಿನ ಮೇಲೆ ಅನುಮಾನ ಪಡೋದು ಬಿಟ್ಟು ತಲೆ ಮೇಲೆ ಪಟ್ರಲ್ಲ ರೀ!"

ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅವಳೂ ನಕ್ಕಳು. ಪೀಡೆ ತೊಲಗಿತು ಎಂದೇ ಇಬ್ಬರೂ ಅಂದುಕೊಂಡರು.

ಆದರೆ ಭಯದ ಕಾರಣ ತಪ್ಪು ಎಂದು ತೋರಿಸಿದ ಮಾತ್ರಕ್ಕೆ ಅದು ಗಂಟುಮೂಟೆ ಕಟ್ಟುವುದಿಲ್ಲ. ಇನ್ನೊಂದು ಕಾರಣ ಹುಡುಕಿಕೊಂಡು ಬರುತ್ತದೆ. ಮರುದಿನ ಬೆಳಿಗ್ಗೆ ಹಣೆಯಲ್ಲಿ ನೋವು ಮಿಡಿದಾಗ ಅವನಿಗೆ ಅನ್ನಿಸಿತು: ಇಷ್ಟು ವರ್ಷ ಬಳಸಿದ ಟೇಪೇ ಸುಳ್ಳು ಹೇಳುವುದಾದರೆ, ಒಂದು ಸಲ ನೋಡಿದ ಆ ಸ್ಕ್ಯಾನಿಂಗ್ ಮೆಷಿನ್ ನಿಜ ಹೇಳಿತೆಂದು ಏನು ಗ್ಯಾರಂಟಿ? ಅವನು ಪರದೆ ಎಳೆದುಕೊಂಡು ಹೊಸ ಟೇಪನ್ನು ಮತ್ತೆ ತಲೆಗೆ ಸುತ್ತಿದ. ಮಾತ್ರೆಯ ಪೊಟ್ಟಣವನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ದಾರದ ಬಾಬಿನ್‌ಗಳ ಕೆಳಗೆ ಬಚ್ಚಿಟ್ಟ. ಹೆಂಡತಿಗೆ ಈಗ ಹೇಳುವಂತೆಯೂ ಇರಲಿಲ್ಲ, ಅಷ್ಟು ನಕ್ಕಾಗಿತ್ತು.

ಗುಬ್ಬಿ ಮಾತು ಕಡಿಮೆ ಮಾಡಿದ್ದನ್ನು ಅವನು ಗಮನಿಸಲೇ ಇಲ್ಲ. ಗಮನವೆಲ್ಲ ತನ್ನ ತಲೆಯ ಮೇಲಿದ್ದವನಿಗೆ ಮನೆಯಲ್ಲಿ ಮತ್ತೊಂದು ತಲೆ ಇದೆ ಎಂಬುದು ಮರೆತುಹೋಗಿತ್ತು. ಒಂದು ಮಧ್ಯಾಹ್ನ, ಶಾಲೆಗೆ ರಜೆ ಇದ್ದ ದಿನ, ಗಿರಾಕಿಯೊಬ್ಬರ ಪ್ಯಾಂಟು ತರಲೆಂದು ಟ್ರಯಲ್ ರೂಮಿನ ಪರದೆ ಸರಿಸಿದ. ಮಗಳು ಕನ್ನಡಿಯ ಮುಂದೆ ನಿಂತಿದ್ದಳು. ಹಳೆಯ ಟೇಪು ಅವಳ ಹಣೆಯ ಸುತ್ತ ಇತ್ತು. ಹುಬ್ಬಿನ ಮೇಲಿಂದ, ಹಿಂದಲೆಯ ಮೇಲೆ, ಮತ್ತೆ ಹಣೆಗೆ. ತುದಿ ಕೂಡಿದ ಜಾಗದಲ್ಲಿ ಪುಟ್ಟ ಹೆಬ್ಬೆರಳು ಒತ್ತಿತ್ತು. ಒಂದು ಚೂರೂ ತಪ್ಪಿರಲಿಲ್ಲ.

"ಗುಬ್ಬಿ... ಏನಮ್ಮ ಇದು?"

ಅವಳು ಬೆಚ್ಚಿ ಟೇಪನ್ನು ಬೆನ್ನ ಹಿಂದೆ ಅಡಗಿಸಿದಳು. ಮುಖ ಅಳುವಂತಾಯಿತು. "ನಂಗೂ ನೋಯುತ್ತೆ ಅಪ್ಪ. ತುಂಬಾ ದಿನದಿಂದ. ನಿನ್ನ ಹಾಗೇ, ಇಲ್ಲಿ."

"ಯಾಕೆ ಹೇಳಲಿಲ್ಲ?"

"ನೀನೂ ಹೇಳಲ್ವಲ್ಲ." ಅವಳು ತಲೆ ತಗ್ಗಿಸಿಕೊಂಡೇ ಕೇಳಿದಳು. "ಡ್ರಿಲ್ ಮೇಷ್ಟ್ರು ಸತ್ತ ಹಾಗೆ ನಾವಿಬ್ರೂ ಸಾಯ್ತೀವಾ? ಆಮೇಲೆ ಅಮ್ಮ ಒಬ್ಳೇ ಇರ್ತಾಳಾ?"

ಟೈಲರ್ ಅಲ್ಲೇ ನೆಲಕ್ಕೆ ಕೂತು ಮಗಳನ್ನು ಎಳೆದು ಅಪ್ಪಿಕೊಂಡ. ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆ ಬಡಿತ ಅವನಿಗೆ ಚೆನ್ನಾಗಿ ಗೊತ್ತಿತ್ತು. ದಿನವೂ ತನ್ನ ಎದೆಯಲ್ಲಿ ಕೇಳುತ್ತಿದ್ದುದು ಅದನ್ನೇ. ಇಷ್ಟು ದಿನ ಪಟ್ಟ ಭಯವೆಲ್ಲ ಈ ಒಂದು ಭಯದ ಮುಂದೆ ಏನೂ ಅಲ್ಲ ಎನ್ನಿಸಿತು.

ಡಾಕ್ಟರಮ್ಮ ಗುಬ್ಬಿಯನ್ನೂ ಪರೀಕ್ಷಿಸಿದರು. ಮೈಯಲ್ಲಿ ಏನೂ ತೊಂದರೆ ಇಲ್ಲ, ಮಗು ಹೆದರಿದೆ ಎಂದು ಹೇಳಿ ಅದೇ ಮನೋವೈದ್ಯರ ವಿಳಾಸ ಕೊಟ್ಟರು. ಈ ಬಾರಿ ಟೈಲರ್ ಚಕಾರ ಎತ್ತಲಿಲ್ಲ.

"ನಾಳೆನೇ ಕರ್ಕೊಂಡು ಹೋಗ್ತೀನಿ," ಅಂದ ಹೆಂಡತಿಗೆ. "ಅವಳಿಗೋಸ್ಕರ ಎಲ್ಲಿಗೆ ಬೇಕಾದ್ರೂ ಹೋಗ್ತೀನಿ."

ಅವಳು ಅವನ ಮುಖವನ್ನೇ ನೋಡಿದಳು. "ನಾಟಕ ಅಂದಿದ್ದು ನನ್ನ ತಪ್ಪು ರೀ. ನೋವು ಅಂದಾಗ ಪಕ್ಕದಲ್ಲಿ ಕೂತು ಕೇಳ್ಬೇಕಿತ್ತು. ಆದ್ರೆ ಅವಳೊಬ್ಬಳಿಗೆ ವಾಸಿಯಾದ್ರೆ ಸಾಲದು. ಬೆಂಕಿ ಒಲೇಲಿಟ್ಟು ಹೊಗೆನ ಬೀಸಣಿಗೇಲಿ ಓಡಿಸೋಕಾಗುತ್ತಾ?"

ಅವನು ವಿಳಾಸದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಮನೋವೈದ್ಯರ ಕ್ಲಿನಿಕ್ಕು ಬಸ್ ನಿಲ್ದಾಣದ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಟೈಲರ್ ಮೆಟ್ಟಿಲ ಬುಡದಲ್ಲಿ ಅತ್ತಿತ್ತ ನೋಡಿ, ಕಳ್ಳನ ಹಾಗೆ ಮಗಳ ಕೈಹಿಡಿದು ಸರಸರನೆ ಹತ್ತಿದ. ಒಳಗೆ ಸಾಲು ಕುರ್ಚಿಗಳಲ್ಲಿ ಜನ ಕೂತಿದ್ದರು. ಅವರಲ್ಲಿ ಒಬ್ಬಾಕೆ ಅವನ ಗಿರಾಕಿ. ಹೆಸರು ನೆನಪಾಗಲಿಲ್ಲ, ತೋಳಿನ ಅಳತೆ ನೆನಪಾಯಿತು. ಆಕೆ ತನ್ನ ಮುದಿ ತಂದೆಯನ್ನು ಕರೆತಂದಿದ್ದಳು. ಇನ್ನು ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಎಂದುಕೊಂಡ. ಹಣೆ ಪಟಪಟ ಮಿಡಿಯಿತು. ಹಿಂದಿರುಗಿ ಓಡಿಬಿಡೋಣ ಅನ್ನಿಸಿತು.

ಕೌಂಟರಿನ ಹುಡುಗಿ ಪೆನ್ನು ಎತ್ತಿಕೊಂಡಳು. "ಪೇಷೆಂಟ್ ಯಾರು ಸರ್? ಮಗುನಾ?"

ಎಲ್ಲರ ಕಣ್ಣೂ ಗುಬ್ಬಿಯ ಮೇಲೆ ಬಿದ್ದವು. "ಅಯ್ಯೋ ಪಾಪ, ಇಷ್ಟು ಚಿಕ್ಕ ಮಗುಗೆ ಏನಾಯ್ತಪ್ಪಾ," ಎಂದು ಆ ಗಿರಾಕಿ ಲೊಚಗುಟ್ಟಿದಳು. ಗುಬ್ಬಿ ಮುದುಡಿಕೊಂಡು ಅಪ್ಪನ ಶರ್ಟಿನ ಹಿಂಬದಿಯನ್ನು ಮುಷ್ಟಿ ಕಟ್ಟಿ ಹಿಡಿದು ಬೆನ್ನ ಹಿಂದೆ ಮುಖ ಹುದುಗಿಸಿದಳು. ಹೌದು ಎಂಬ ಮಾತು ಟೈಲರನ ನಾಲಿಗೆಯ ತುದಿಯಲ್ಲೇ ಇತ್ತು. ಅದೊಂದು ಮಾತು ಸಾಕಿತ್ತು. ಯಾರೂ ಅವನನ್ನು ಏನೂ ಅನ್ನುತ್ತಿರಲಿಲ್ಲ. ಬೆನ್ನಿಗೆ ತಾಗಿದ್ದ ಆ ಪುಟ್ಟ ಮುಷ್ಟಿ ನಡುಗುತ್ತಿತ್ತು.

"ಅಲ್ಲಮ್ಮ," ಅಂದ. ದನಿ ಸಣ್ಣಗೆ ಬಂತು. ಗಂಟಲು ಸರಿಮಾಡಿಕೊಂಡು, ಕುರ್ಚಿಗಳಲ್ಲಿದ್ದವರಿಗೂ ಕೇಳುವಂತೆ ಮತ್ತೆ ಹೇಳಿದ. "ಪೇಷೆಂಟ್ ನಾನು."

"ಏನ್ ತೊಂದರೆ ಸರ್?"

"ತಲೆನೋವು... ಅದೂ ಇದೆ. ಆದ್ರೆ ಮೊದಲು ಭಯ ಅಂತ ಬರ್ಕೊಳ್ಳಿ. ತುಂಬಾ ಭಯ."

ಹುಡುಗಿ ಬರೆದುಕೊಂಡಳು. ಅವಳಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. "ಜೊತೆಗೆ ಬಂದಿರೋರು?"

"ನನ್ನ ಮಗಳು. ಅವಳಿಗೂ ಡಾಕ್ಟರ ಹತ್ರ ಸ್ವಲ್ಪ ಮಾತಾಡೋದಿದೆ. ನಂದಾದ ಮೇಲೆ."

ಶರ್ಟಿನ ಹಿಡಿತ ಸಡಿಲವಾಯಿತು. ಗುಬ್ಬಿ ಬೆನ್ನ ಹಿಂದಿನಿಂದ ಹೊರಗೆ ಬಂದು ಅಪ್ಪನ ಮುಖವನ್ನು ನೋಡಿದಳು. ಆಮೇಲೆ ಎಲ್ಲರ ಮುಂದೆಯೇ ನಡೆದುಹೋಗಿ, ಖಾಲಿಯಿದ್ದ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಕೂತು, ಪಕ್ಕದ್ದನ್ನು ಅಂಗೈಯಿಂದ ತಟ್ಟಿದಳು.

"ಬಾ ಅಪ್ಪಾ, ಇಲ್ಲಿ ಕೂತ್ಕೋ," ಅಂದಳು. "ಅವರು ಕರೆದಾಗ ನಾನೂ ನಿನ್ನ ಜೊತೆ ಒಳಗೆ ಬರ್ತೀನಿ."