ಮಾವ ಅಳೆದ ಗ್ಯಾರೇಜು

ಹೇಳಿಬಿಡಲೇ? ಹೇಳಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಹೆಂಡತಿ ನಗುತ್ತಾಳೆ, ಅಷ್ಟೆ. ಆದರೆ ನಕ್ಕ ಮೇಲೆ ಕಾರಣ ಕೇಳುತ್ತಾಳೆ. ಸಂಜೆ ಕೆಲಸದಿಂದ ಬಂದು, ಗ್ಯಾರೇಜಿನೊಳಗೆ ಎಂಜಿನ್ ಆರಿಸಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂರುವುದಕ್ಕೆ ಈ ಹಳೆಯ ಕಾರು ಬೇಕು ಎಂದರೆ ಅದೊಂದು ಕಾರಣವೇ? ಸುಮ್ಮನೆ ಕೂರಲು ಮನೆಯಲ್ಲಿ ಸೋಫಾ ಇಲ್ಲವೇ ಎನ್ನುತ್ತಾಳೆ. ಸೋಫಾ ಇದೆ. ಅದರ ಎದುರಿಗೆ ಟೀವಿ ಇದೆ, ಪಕ್ಕದಲ್ಲಿ ಮಾವ ಇದ್ದಾರೆ.

ಶೋರೂಮಿನ ಗಾಜಿನ ಬಾಗಿಲು ತಳ್ಳುವಾಗಲೂ ಅವನು ಇದನ್ನೇ ಯೋಚಿಸುತ್ತಿದ್ದ. ಹೊಸ ಗಾಡಿ ನಿಶ್ಚಯವಾದರೆ ಹಳೆಯ ಕಾರನ್ನು ಇಲ್ಲೇ ಬಿಟ್ಟು ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದು ತೀರ್ಮಾನವಾಗುವಾಗ ಅವನೂ ಅಲ್ಲೇ ಇದ್ದ. ಸುಮ್ಮನಿದ್ದ. ಸುಮ್ಮನಿದ್ದದ್ದು ಒಪ್ಪಿಗೆಯ ಲೆಕ್ಕಕ್ಕೆ ಸೇರಿತ್ತು.

ಅವನದು ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕೆಲಸ. ಊರಿನ ನಲ್ಲಿಗಳೆಲ್ಲ ದಿನವಿಡೀ ಅವನ ಕಿವಿಗೇ ಸೋರುತ್ತಿದ್ದವು. ಹೆಂಡತಿ ಹಲ್ಲಿನ ಡಾಕ್ಟರು. ಬಾಯಿ ತೆರೆದುಕೊಂಡು ಮಲಗಿದವರ ಜೊತೆ ಮಾತಾಡಿ ಅಭ್ಯಾಸವಾದ್ದರಿಂದ ಎದುರಿನವರು ಉತ್ತರ ಕೊಡದಿದ್ದರೂ ಅವಳ ಮಾತಿಗೆ ತಡೆ ಇರಲಿಲ್ಲ. ಗಂಡನ ಸ್ವಭಾವ ಅವಳಿಗೆ ಹೊಂದಿಬಂದದ್ದು ಹೀಗೆ. ಅವಳಿಗೆ ಒಂದೇ ಒಂದು ಹುಚ್ಚು: ಕಾಲಿಗೆ ಹಲಗೆ ಕಟ್ಟಿಕೊಂಡು, ಓಡುವ ದೋಣಿಯ ಹಗ್ಗ ಹಿಡಿದು ಕೆರೆಯ ಮೇಲೆ ಜಾರುವುದು. ಅದನ್ನು ಕಲಿಸಿದ ಕೋಚ್ ಮಂಡಿನೋವೆಂದು ಕೆಲಸ ಬಿಟ್ಟಾಗ ತಮ್ಮ ಸ್ಕೀ ಬೋಟನ್ನು ಇವಳಿಗೆ ದಾಟಿಸಿದ್ದರು. ಬೋಟು ಈಗ ಕೆರೆಯ ಪಕ್ಕದಲ್ಲಿ, ದೋಣಿಗಳನ್ನು ಇಡುವ ಯಾರ್ಡಿನಲ್ಲಿತ್ತು. ಅದನ್ನು ಮನೆಯ ಅಂಗಳದಲ್ಲಿ ನಿಲ್ಲಿಸಿಕೊಂಡು, ರಜೆ ಬಂದಾಗಲೆಲ್ಲ ಕಾರಿಗೆ ಕಟ್ಟಿ ಕೆರೆಗೆ ಎಳೆದೊಯ್ಯಬೇಕೆಂಬುದು ಅವಳ ಆಸೆ. ಹಳೆಯ ಕಾರಿಗೆ ತನ್ನನ್ನು ತಾನು ಎಳೆದುಕೊಳ್ಳುವುದೇ ಕಷ್ಟ.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿದಾಯ್ತು," ಎಂದಿದ್ದರು ಮಾವ. "ಇನ್ನು ಕೂಸು ಹುಡುಕ್ಬೇಕು."

ಮಾವ ದರ್ಜಿ. ಅಂಗಡಿ ಮುಚ್ಚಿದ ಮೇಲೂ ಅವರ ಕೊರಳಿನಿಂದ ಟೇಪು ಇಳಿದಿರಲಿಲ್ಲ. ಅವರ ಅಳತೆ ತಪ್ಪಿತೆಂದು ಒಬ್ಬನೇ ಒಬ್ಬ ಗಿರಾಕಿ ಹೇಳಿದ್ದಿಲ್ಲ. ಗಿರಾಕಿ ದಪ್ಪಗಾದರೆ ಅದು ಗಿರಾಕಿಯ ತಪ್ಪು. ಮನೆಯಲ್ಲಿ ಬೀರು, ಪರದೆ, ಮಂಚ, ಏನೇ ಕೊಳ್ಳುವುದಿದ್ದರೂ ಮಾವ ಮೊದಲು ಅಳೆಯಬೇಕು, ಅವರು ಹೂಂ ಅನ್ನಬೇಕು. ಆ ಮಾತಿಗೆ ಮೇಲ್ಮನವಿ ಇರಲಿಲ್ಲ. ಬೋಟಿನ ಸುದ್ದಿ ಕಿವಿಗೆ ಬಿದ್ದದ್ದೇ ಯಾರ್ಡಿಗೆ ಹೋಗಿ ಅದರ ಎದೆ, ಸೊಂಟ, ಉದ್ದ ಮೂರನ್ನೂ ತೆಗೆದುಕೊಂಡು ಬಂದಿದ್ದರು.

ಗ್ಯಾರೇಜನ್ನು ಅಳೆದದ್ದು ಹಿಂದಿನ ಸಂಜೆ. ಒಂದು ಟೇಪು ಸಾಲದೆ ನಾಲ್ಕನ್ನು ಸೇರಿಸಿ ಪಿನ್ನು ಚುಚ್ಚಿದ್ದರು. ಗೋಡೆಯ ಕಡೆಯ ತುದಿ ಅವನ ಕೈಯಲ್ಲಿತ್ತು. ಮಾವ ಬಾಗಿಲ ಬಳಿ ಬಗ್ಗಿ, ಅಂಕಿಯನ್ನು ದೇವರಿಗೆ ಹೇಳುವಷ್ಟು ಮೆಲ್ಲಗೆ ಹೇಳಿಕೊಂಡರು. ಅದು ಅವನಿಗೂ ಕೇಳಿಸಿತು. ಆಮೇಲೆ ಅವನು ಎಂದಿನಂತೆ ಹಳೆಯ ಕಾರಿನೊಳಗೆ ಹೋಗಿ ಕೂತಾಗ, ಅವರೂ ಬಂದು ಎಡಗಡೆಯ ಬಾಗಿಲು ತೆಗೆದು ಅವನ ಪಕ್ಕದಲ್ಲಿ ಕೂತರು. ಮಾತಿಲ್ಲ. ಹೊರಗೆ ಯಾರೋ ಸೈಕಲ್ ಒರಗಿಸಿದ ಸದ್ದು, ಮತ್ತೆ ಅದೂ ಇಲ್ಲ. ಮಾವ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅವನು ನಿದ್ದೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಕೊನೆಗೆ ಅವರು ಸವೆದ ಸೀಟಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಅಳಿಯಂದಿರೇ, ಇದು ನಿಮ್ಮ ಮೈಗೆ ಕೂತ್ಬಿಟ್ಟಿದೆ," ಎಂದಷ್ಟೇ ಹೇಳಿ ಇಳಿದು ಹೋದರು.

ಶೋರೂಮಿನ ಸೇಲ್ಸ್‌ಮನ್ ಟೈಯ ಗಂಟು ಸರಿಮಾಡಿಕೊಳ್ಳುತ್ತ ಬಂದ. ಕೋಚಿನಿಂದ ಯಾರ್ಡಿನವರೆಗೆ ಬೋಟಿನ ಕಥೆಯನ್ನೆಲ್ಲ ಹೆಂಡತಿಯಿಂದ ಕೇಳಿಸಿಕೊಂಡ. ಎಲ್ಲರ ಕಣ್ಣಿಗೂ ಬೀಳುವಂತೆ ನಡುವೆ ನಿಲ್ಲಿಸಿದ್ದ, ಬೆಣ್ಣೆಯಂತೆ ಹೊಳೆಯುವ ಗಾಡಿಯನ್ನು ತೋರಿಸಿ, ಬೋಟೇನು, ಬೆಟ್ಟವನ್ನೇ ಎಳೆಯುತ್ತದೆ ಎಂದ. ಹೆಂಡತಿ ಒಳಗೆ ಹೊರಗೆ ನೋಡಿದಳು. ಮಾವ ಬಾನೆಟ್ಟಿನ ಎದೆ ಅಳೆದರು. ಅವನು ಮಾತ್ರ ಸೇಲ್ಸ್‌ಮನ್ನಿನ ಮುಖ ನೋಡುತ್ತ ನಿಂತ. ಹಳೆಯ ಕಾರುಗಳನ್ನು ಇವರು ಎಲ್ಲಿಗೆ ಒಯ್ಯುತ್ತಾರೋ ಎಂದು ಯೋಚಿಸುತ್ತಿದ್ದ.

ಸೇಲ್ಸ್‌ಮನ್ ಕೆಮ್ಮಿದ. ಬೆಟ್ಟ ಎಂದದ್ದು ಮಾತಿಗೆ ಎಂದ. ಇವನು ಸುಮ್ಮನಿದ್ದ. ಗಾಡಿ ಎಳೆಯಬಲ್ಲದೆಂದು ಬರೆದಿರುವ ತೂಕ, ತನ್ನದೇ ಬ್ರೇಕು ಇರುವ ಟ್ರೇಲರಿಗೆ ಮಾತ್ರ ಎಂದ. ಇವನು ಸುಮ್ಮನಿದ್ದ. ಬೋಟಿನ ತೂಕವೊಂದೇ ಅಲ್ಲ, ಅದನ್ನು ಹೊರುವ ಟ್ರೇಲರು, ತುಂಬಿದ ಪೆಟ್ರೋಲು, ಹಗ್ಗ, ಹಲಗೆ ಎಲ್ಲ ಲೆಕ್ಕಕ್ಕೆ ಬರುತ್ತವೆ ಎನ್ನುವಷ್ಟರಲ್ಲಿ ಸೇಲ್ಸ್‌ಮನ್ನಿನ ಹಣೆ ಒದ್ದೆಯಾಗಿತ್ತು.

"ಸರ್, ನಿಮ್ಮಂಥೋರ ಹತ್ರ ಮುಚ್ಚಿಡೋದೇನು," ಎಂದ. "ಈ ಗಾಡೀಗೆ ಮುಂದಿನ ಚಕ್ರ ಮಾತ್ರ ತಿರುಗೋದು. ಕೆರೆ ದಂಡೆ ಇಳಿಜಾರಲ್ಲಿ, ಪಾಚಿ ಮೇಲೆ, ಬೋಟು ಮೇಲಕ್ಕೆ ಬರಲ್ಲ. ಗಾಡೀನೇ ಕೆಳಗೆ ಹೋಗುತ್ತೆ."

"ನೋಡಿದ್ಯಾ ಅಪ್ಪ," ಎಂದಳು ಹೆಂಡತಿ, ಹೆಮ್ಮೆಯಿಂದ. "ಇವ್ರು ಬಾಯಿ ಬಿಡಲ್ಲ, ಬಿಡಿಸ್ತಾರೆ. ನಾನು ಇಂಜೆಕ್ಷನ್ ಕೊಟ್ರೂ ಹಿಂಗೆ ಬಿಡಿಸೋಕಾಗಲ್ಲ."

ಎರಡನೆಯ ಗಾಡಿಯ ಹುಳುಕನ್ನು ಸೇಲ್ಸ್‌ಮನ್ ಯಾರೂ ಕೇಳದೆಯೇ ಒಪ್ಪಿಕೊಂಡ. ಕೊನೆಗೆ ಸೋತವನಂತೆ ಅವರನ್ನು ಹಿತ್ತಲಿಗೆ ಕರೆದೊಯ್ದ. ಅಲ್ಲಿ ನಾಲ್ಕೂ ಚಕ್ರ ತಿರುಗುವ, ಹಿಂದೆ ತೆರೆದ ತೊಟ್ಟಿಯಿರುವ ದೊಡ್ಡ ಪಿಕಪ್ ಒಂದು ನಿಂತಿತ್ತು. ಇದರ ಬಗ್ಗೆ ಹೇಳುವಾಗ ಅವನು ಬೆವರಲಿಲ್ಲ. ಬೋಟು, ಟ್ರೇಲರು, ಬೇಕಾದರೆ ಕೋಚನ್ನೂ ಕೂರಿಸಿಕೊಂಡು ಎಳೆಯುತ್ತದೆ ಎಂದ. ಇವನು ಎಷ್ಟು ಹೊತ್ತು ಸುಮ್ಮನಿದ್ದರೂ ಹೊಸ ದೋಷವೊಂದೂ ಹೊರಬೀಳಲಿಲ್ಲ. ಮೌನ ಕೈಕೊಟ್ಟಿತು.

ಹೆಂಡತಿ ಹತ್ತಿ ಕೂತು, ಎತ್ತರದಿಂದ ಅವನನ್ನು ನೋಡಿ ಚಿಕ್ಕ ಹುಡುಗಿಯಂತೆ ನಕ್ಕಳು. ಆ ನಗುವಿಗೆ ಅಡ್ಡ ಹೇಳುವುದು ಹೇಗೆ? ಅವನು ಗಾಡಿಯ ಹಿಂದಕ್ಕೆ ಹೋದ. ಮಾವ ಅದೇ ಜೋಡಿಸಿದ ಟೇಪನ್ನು ಮೂತಿಯಿಂದ ಬಾಲದವರೆಗೆ ಎಳೆಯುತ್ತಿದ್ದರು. ಈ ಬಾರಿಯೂ ತುದಿ ಹಿಡಿಯಲು ಅವನನ್ನೇ ಕರೆದರು. ಅಂಕಿ ಕೇಳಿಸಿತು. ಗ್ಯಾರೇಜಿನ ಅಂಕಿಯಿಂದ ಇದನ್ನು ಮನಸ್ಸಿನಲ್ಲೇ ಕಳೆದ. ಗಾಡಿ ಒಳಗೆ ಬಂದು, ಬಾಗಿಲು ಹಾಕಿದ ಮೇಲೂ ಒಂದು ಗೇಣು ಉಳಿಯುತ್ತಿತ್ತು. ಮುಗಿಯಿತು ಎಂದುಕೊಂಡ. ಜೇಬಿನಲ್ಲಿದ್ದ ಹಳೆಯ ಕಾರಿನ ಕೀಲಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ಮಾವ ಟೇಪು ಸುತ್ತಿದರು. ಅಳಿಯನ ಮುಖ ನೋಡಿದರು. ಅವನ ಕೈ ಜೇಬಿನಲ್ಲಿದ್ದುದನ್ನೂ ನೋಡಿದರು.

"ಆಗಲ್ಲ ಮಗಳೇ," ಎಂದರು. "ನಾಲ್ಕು ಬೆರಳು ಗಿಡ್ಡ."

"ಏನು ಗಿಡ್ಡ?"

"ನಮ್ಮ ಗ್ಯಾರೇಜು. ಬಾಗಿಲು ಮುಚ್ಚಲ್ಲ."

ಬೋಟು ಕಟ್ಟುವ ಹಿಂದಿನ ಕೊಕ್ಕೆಯನ್ನು ಬಿಚ್ಚಿಡಬಹುದು ಎಂದು ಸೇಲ್ಸ್‌ಮನ್ ಸೂಚಿಸಿದ. ಅದನ್ನು ಬಿಟ್ಟೇ ಅಳೆದದ್ದು ಎಂದರು ಮಾವ. ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸುವಂತಿರಲಿಲ್ಲ, ಅಂಗಳ ಬೋಟಿಗೆ ಬೇಕಿತ್ತು. ಹೆಂಡತಿ ಸ್ಟಿಯರಿಂಗ್ ಹಿಡಿದೇ ಒಂದಷ್ಟು ಹೊತ್ತು ಕೂತಳು. ಅಪ್ಪ ಅಳೆದ ಮೇಲೆ ಅಳೆದ ಹಾಗೆಯೇ. ಆದರೂ ಇಳಿಯುವಾಗ ಅವಳ ಮುಖ ಸಪ್ಪಗಾಗಿತ್ತು. ಅದನ್ನು ನೋಡಿ ಸತ್ಯ ಅವನ ನಾಲಿಗೆಯ ತುದಿಗೆ ಬಂತು. ಹೇಳಲೆಂದೇ ಸೇಲ್ಸ್‌ಮನ್ನಿನ ಕಡೆ ತಿರುಗಿ ಉಸಿರೆಳೆದುಕೊಂಡ.

ಸೇಲ್ಸ್‌ಮನ್ನಿಗೆ ಅಷ್ಟೇ ಸಾಕಾಯಿತು.

"ಹೇಳ್ಬಿಡ್ತೀನಿ ಸರ್, ನೋಡ್ಬೇಡಿ ಹಂಗೆ," ಎಂದು ದನಿ ತಗ್ಗಿಸಿದ. "ಒಂದೇ ಕೆರೇಲಿ ಆಡೋರಿಗೆ ಗಾಡೀನೇ ಬೇಕಾಗಿಲ್ಲ. ಬೋಟು ಆ ಯಾರ್ಡಲ್ಲೇ ಇರ್ಲಿ. ಅವ್ರ ಟ್ರಾಕ್ಟರ್ ಇದೆ, ನೀರಿಗಿಳಿಸಿ, ಮತ್ತೆ ಎಳೆದು ಇಡ್ತಾರೆ. ನಾನು ಹೇಳಿದೆ ಅಂತ ನಮ್ಮ ಮ್ಯಾನೇಜರ್ ಹತ್ರ ಮಾತ್ರ ಅನ್ಬೇಡಿ."

ಹೆಂಡತಿ ಯೋಚಿಸಿದಳು. ಹಾಗಾದರೆ ಬೋಟನ್ನು ಎಳೆಯುವ, ಹಿಮ್ಮುಖವಾಗಿ ಇಳಿಸುವ ಗೋಳೇ ಇಲ್ಲ, ನೇರ ಹೋಗಿ ನೀರಿಗಿಳಿಯುವುದೇ ಎಂದಳು. ಅವಳ ಮುಖ ಮತ್ತೆ ಬೆಳಗಿತು. ಬೋಟು ಬಯಲಲ್ಲಿ ನಿಲ್ಲುವುದಾದರೆ ಅದಕ್ಕೊಂದು ಮೈಮುಚ್ಚುವ ಹೊದಿಕೆ ಬೇಕು ಎಂದರು ಮಾವ. ಅಳತೆ ಹೇಗೂ ಇದೆ, ಹೊಲಿಗೆಗೆ ಒಂದಿಂಚು ಬಿಟ್ಟರಾಯಿತು ಎನ್ನುತ್ತ ಅವರು ಆಗಲೇ ದಾರ ಯಾವುದೆಂದು ಯೋಚಿಸತೊಡಗಿದ್ದರು.

ಹಳೆಯ ಕಾರಿನಲ್ಲೇ ಮೂವರೂ ಮನೆಗೆ ಬಂದರು. ದಾರಿಯುದ್ದಕ್ಕೂ ಹೆಂಡತಿ ಮಾತಾಡಿದಳು, ಮಾವ ಅದಕ್ಕೆ ಮಾತು ಜೋಡಿಸಿದರು. ಗ್ಯಾರೇಜಿನಲ್ಲಿ ಅವಳು ಇಳಿದು ಒಳಗೆ ಹೋದಳು. ಮಾವ ಇಳಿಯುವ ಮುಂಚೆ ಟೇಪನ್ನು ಕೊರಳಿಗೆ ಹಾಕಿಕೊಂಡು, ಎದುರಿನ ಗೋಡೆಯನ್ನೊಮ್ಮೆ ನೋಡಿ, ಏನೂ ಹೇಳದೆ ಬಾಗಿಲನ್ನು ಮೆಲ್ಲಗೆ ಮುಚ್ಚಿ ಹೋದರು. ಅವನು ಎಂಜಿನ್ ಆರಿಸಿ ಕೂತ.

ಟೇಪಿನ ಇನ್ನೊಂದು ತುದಿ ತನ್ನ ಕೈಯಲ್ಲಿತ್ತು, ಗ್ಯಾರೇಜು ಗಿಡ್ಡವಾಗಿರಲಿಲ್ಲ ಎಂದು ಅವನು ಹೆಂಡತಿಗೂ ಹೇಳಲಿಲ್ಲ, ಮಾವನಿಗೂ ಹೇಳಲಿಲ್ಲ.